ಸೋಮವಾರದ ಪಾಠ

ಕೊಪ್ಪಳದಿಂದ ಕುಕನೂರಿನ ಮಾರ್ಗವಾಗಿ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ, ಚಾಲಕನ ಹಿಂದಿನ ಆಸನದ ಬಳಿ ಸುತಳಿ ಬಿಗಿದ ಪುಸ್ತಕದ ಕಟ್ಟುಗಳು ಕಂಡವೆಂದರೆ, ಸುರೇಖಾ ಆ ಬಸ್ಸು ಹತ್ತಿದ್ದಾಳೆಂದು ನಿತ್ಯದ ಪ್ರಯಾಣಿಕರು ತಿಳಿಯುತ್ತಾರೆ. ಎಷ್ಟೇ ನೂಕುನುಗ್ಗಲಿದ್ದರೂ ಆ ಕಟ್ಟುಗಳ ಮೇಲೆ ಕಾಲೂರಲು ಯಾರೂ ಒಪ್ಪುವುದಿಲ್ಲ. ಅರಿಯದೆ ಪಾದ ತಾಗಿದವರು ಬಾಗಿ, ಕಟ್ಟನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡು ಹಿಂದೆ ಸರಿಯುತ್ತಾರೆ. ಒಳಗಿರುವುದು ಇತಿಹಾಸವೋ ಅರ್ಥಶಾಸ್ತ್ರವೋ ಅವರಿಗೆ ತಿಳಿಯದು, ಅಕ್ಷರವಿದೆಯೆಂಬುದಷ್ಟೇ ಸಾಕು. ಇಂಥ ಸೀಮೆಯಲ್ಲಿ ಹುಟ್ಟಿ ಇಂಥವರಿಗೇ ಪುಸ್ತಕ ಮುಟ್ಟಿಸುವ ಕೆಲಸ ತನ್ನ ಪಾಲಿಗೆ ಬಂದುದನ್ನು ಸುರೇಖಾ ಭಗವಂತನ ಪ್ರಸಾದವೆಂದೇ ಎಣಿಸಿದವಳು.

ಈ ಮಂಗಳೂರು ಕಡಲಿನ ಮಂಗಳೂರಲ್ಲ. ಯಲಬುರ್ಗಾ ಸೀಮೆಯ ಕಪ್ಪು ನೆಲದ ದೊಡ್ಡ ಹಳ್ಳಿ. ದೂರಶಿಕ್ಷಣ ವಿಶ್ವವಿದ್ಯಾಲಯವೊಂದರ ಕೊಪ್ಪಳ ಅಧ್ಯಯನ ಕೇಂದ್ರಕ್ಕೆ ಸುರೇಖಾ ಸಂಯೋಜಕಿ. ಮಂಗಳೂರಿನ ಉಪಕೇಂದ್ರವೂ ಆಕೆಯ ಕೈಕೆಳಗಿನದೇ. ಅದು ಆರಂಭವಾದ ವರ್ಷ ಕೇಂದ್ರ ಕಚೇರಿಯವರು ಇಲ್ಲಿನ ಪುಸ್ತಕಗಳನ್ನೆಲ್ಲ ಕಡಲ ತೀರದ ಊರಿಗೆ ರವಾನಿಸಿ ಕೈತೊಳೆದುಕೊಂಡಿದ್ದರು. ಅವು ಘಟ್ಟ ಹತ್ತಿ ಬರುವುದರೊಳಗೆ ಪರೀಕ್ಷೆ ಹತ್ತಿರವಾಗಿತ್ತು. ಅಂದಿನಿಂದ ಆಕೆ ಅಂಚೆಯನ್ನು ನಂಬದೆ ತಾನೇ ಹೊತ್ತು ತರುವ ಪರಿಪಾಠ ಇಟ್ಟುಕೊಂಡಳು.

ಆಕೆಯ ತವರು ತಳಕಲ್ಲು, ಒಕ್ಕಲುತನದ ಮನೆ. ಪಿಯುಸಿ ಮುಗಿಯುತ್ತಲೇ ಮದುವೆಯಾಯಿತು. ಗಂಡ ಬಸವಕುಮಾರ ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಮಾತು ಕಡಿಮೆ, ಮನಸ್ಸು ದೊಡ್ಡದು. ಹೆಂಡತಿಯ ಓದಿನ ಆಸೆಯನ್ನು ಕಂಡು ದೂರಶಿಕ್ಷಣದಲ್ಲಿ ಬಿ.ಎ.ಗೆ ಹೆಸರು ಹಚ್ಚಿಸಿದವನು ಅವನೇ. ಆದರೆ ದೂರಶಿಕ್ಷಣವೆಂದರೂ ಸಂಪರ್ಕ ತರಗತಿಗಳಿಗೆ ಹೋಗಲೇಬೇಕಿತ್ತು, ಮತ್ತು ಆ ತರಗತಿಗಳು ಆಗ ನಡೆಯುತ್ತಿದ್ದುದು ರೈಲಿನಲ್ಲಿ ಬಹುದೂರ ಸಾಗಬೇಕಾದ ನಗರದಲ್ಲಿ. ಸುರೇಖಾಳ ಮಡಿಲಲ್ಲಿ ಮೊಲೆಯುಣ್ಣುವ ಕೂಸು. ತಾಯಿ ಅನ್ನಮ್ಮ ಜೊತೆಗೆ ಬಂದು, ಕಾಲೇಜಿನ ಅಂಗಳದ ಬೇವಿನ ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟಿ ಮೊಮ್ಮಗಳನ್ನು ತೂಗುತ್ತಿದ್ದಳು. ಮಗಳು ಕಿಟಕಿಯ ಪಕ್ಕ ಕುಳಿತು, ಒಂದು ಕಿವಿಯನ್ನು ಪಾಠಕ್ಕೂ ಇನ್ನೊಂದನ್ನು ಜೋಲಿಗೂ ಕೊಡುತ್ತಿದ್ದಳು. ಕಡೆಯ ವರ್ಷ ಅನ್ನಮ್ಮ ಜ್ವರದಿಂದ ಹಾಸಿಗೆ ಹಿಡಿದಳು. ಸುರೇಖಾ ತರಗತಿಗೆ ಹೋಗಲಾಗಲಿಲ್ಲ. ಹಾಜರಾತಿ ಸಾಲದೆ ಆ ವರ್ಷ ವ್ಯರ್ಥವಾಯಿತು. ಮರುವರ್ಷ ಪದವಿ ಬಂದಾಗ ಅನ್ನಮ್ಮ ಹಿಗ್ಗಿ ಅತ್ತಳು. ಮಗಳು ಅಳಲಿಲ್ಲ. ಕಳೆದುಹೋದ ಆ ಒಂದು ವರ್ಷವನ್ನು ಈ ಸೀಮೆಯ ಮತ್ತೊಬ್ಬ ಹೆಣ್ಣುಮಗಳು ಕಳೆದುಕೊಳ್ಳಬಾರದೆಂಬ ಸಂಕಲ್ಪವನ್ನು ಆಕೆ ಅಂದೇ ತೊಟ್ಟಳು. ತಾತ್ಕಾಲಿಕ ಸಹಾಯಕಿಯಾಗಿ ಕೇಂದ್ರವನ್ನು ಸೇರಿ, ಸಂಯೋಜಕಿಯಾದ ಮೇಲೆ ಬೆನ್ನುಹತ್ತಿ ಮಂಗಳೂರಿಗೆ ಉಪಕೇಂದ್ರ ಮಂಜೂರು ಮಾಡಿಸಿಕೊಂಡಳು. ಸರ್ಕಾರಿ ಪ್ರೌಢಶಾಲೆಯ ಕೋಣೆಗಳು ಭಾನುವಾರ ಖಾಲಿಯಿರುತ್ತಿದ್ದವು. ಪಾಠ ಹೇಳುವ ಉಪನ್ಯಾಸಕರಿಗೂ ಅಂದೇ ಬಿಡುವು. ಹೀಗಾಗಿ ಪಾಠ ಭಾನುವಾರಕ್ಕೆ ನಿಗದಿಯಾಯಿತು.

ಪಾಠ ಹೇಳುವುದು ಆಕೆಯ ಕೆಲಸವಲ್ಲ. ಕಲಿಯುವವರನ್ನು ಕೈಬಿಡದೆ ಕಡೆಮುಟ್ಟಿಸುವುದು ಆಕೆಯ ಕೆಲಸ. ಅಸೈನ್‌ಮೆಂಟ್ ಬರೆಯಲು ಹೆದರಿ ಕುಳಿತವರಿಗೆ ಆಕೆ ವಾಟ್ಸಾಪಿನಲ್ಲಿ ಧ್ವನಿಸಂದೇಶ ಕಳುಹಿಸುತ್ತಿದ್ದಳು. ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಳ್ಳಬಹುದಾದ ಸಂದೇಶಗಳವು. ಸೊಸೆ ಓದುವುದನ್ನು ಒಪ್ಪದ ಅತ್ತೆಯ ಮನೆಗೆ ಹೋಗಿ ಚಹಾ ಕುಡಿದು, ಓದಿನ ಮಾತನ್ನೇ ಎತ್ತದೆ ಅತ್ತೆಯನ್ನು ಒಲಿಸಿಕೊಂಡು ಬಂದದ್ದೂ ಉಂಟು. ಇಷ್ಟಾದರೂ ಮಂಗಳೂರಿನಲ್ಲಿ ಒಂದು ವಿಷಯ ಆಕೆಗೆ ಬಗೆಹರಿಯಲಿಲ್ಲ. ಹೆಸರು ಹಚ್ಚುವಾಗ ಉತ್ಸಾಹದಿಂದ ಬಂದವರು ಭಾನುವಾರದ ಪಾಠಕ್ಕೆ ಬರುತ್ತಿರಲಿಲ್ಲ. ಕೇಳಿದರೆ ‘ದಗದ ಇತ್ರಿ ಅಕ್ಕಾರ’ ಎಂಬ ಒಂದೇ ಉತ್ತರ. ದಗದವೆಂದರೆ ಕೆಲಸ. ಭಾನುವಾರವೂ ಎಂಥ ಕೆಲಸವೆಂದು ಆಕೆ ಒಳಗೊಳಗೇ ನೊಂದುಕೊಂಡು, ಅದನ್ನು ಸೋಮಾರಿತನದ ನೆಪವೆಂದೇ ಬಗೆದಿದ್ದಳು.

ಬೇಸಿಗೆ ಮುಗಿಯುತ್ತ ಬಂದಾಗ ಪ್ರಾದೇಶಿಕ ನಿರ್ದೇಶಕರಾದ ಪ್ರಭುರಾಜರು ಆಕೆಯನ್ನು ಗಂಗಾವತಿಯ ಸಭೆಗೆ ಕರೆಸಿದರು. ಅವರು ಗಂಗಾವತಿಯ ವ್ಯಾಪಾರಸ್ಥರ ಮನೆತನದವರು. ಕೆಲಸದಲ್ಲಿ ಬಿಗಿ, ಮಾತಿನಲ್ಲಿ ಮೃದು. ಅರ್ಧದಷ್ಟೂ ಮಂದಿ ಹಾಜರಾಗದ ಉಪಕೇಂದ್ರಗಳನ್ನು ಮುಚ್ಚಬೇಕೆಂದು ಮೇಲಿನಿಂದ ನಿರ್ಣಯವಾಗಿರುವುದನ್ನು ಅವರು ತಿಳಿಸಿದರು. ಮಂಗಳೂರು ಮುಚ್ಚಿದರೆ ಅಲ್ಲಿನವರೆಲ್ಲ ಪಾಠಕ್ಕೆ ಕೊಪ್ಪಳಕ್ಕೇ ಬರಬೇಕು. ಬರುವವರು ಎಷ್ಟು ಜನ, ಓದು ಬಿಡುವವರು ಎಷ್ಟು ಜನ ಎಂಬುದು ಸುರೇಖಾಳಿಗೆ ಗೊತ್ತಿಲ್ಲದ್ದೇನಲ್ಲ. ಆಕೆ ವಾದಿಸಿದಳು. ಪ್ರಭುರಾಜರು ಸಾವಧಾನವಾಗಿ ಕೇಳಿ ಕಡೆಗೆ ಇಷ್ಟೇ ಅಂದರು:

“ನೀವ ಕಟ್ಟಿದ್ದು ಅಂತ ನನಗ ಗೊತ್ತೈತಿ ಮೇಡಂ. ಆದ್ರ ಖಾಲಿ ಬೆಂಚಿಗೆ ಪಾಠ ಹೇಳ್ರಿ ಅಂತ ಯಾರಿಗೆ ಹೇಳೂದು?”

ಈ ಸುದ್ದಿಯನ್ನು ಮಂಗಳೂರಿನವರಿಗೆ ಫೋನಿನಲ್ಲಿ ಹೇಳುವುದಕ್ಕೆ ಆಕೆಗೆ ಮನಸ್ಸಾಗಲಿಲ್ಲ. ಭಾನುವಾರ ತೆರೆದಿರುವ ಕಾರಣ ಕೊಪ್ಪಳದ ಕೇಂದ್ರಕ್ಕೆ ವಾರದ ರಜೆ ಸೋಮವಾರ. ಆ ಸೋಮವಾರ ಮುಂಜಾನೆ ಆಕೆ ಪುಸ್ತಕದ ಕಟ್ಟಿಲ್ಲದೆ ಬರಿಗೈಯಲ್ಲಿ ಮಂಗಳೂರಿನ ಬಸ್ಸು ಹತ್ತಿದಳು.

ಊರೊಳಗೆ ಇಳಿದಾಗ ಆಕೆಗೆ ಅಚ್ಚರಿಯಾಯಿತು. ಬಸವಣ್ಣನ ಗುಡಿಯ ಕಟ್ಟೆಯ ಮೇಲೆ, ಬೇವಿನ ನೆರಳಲ್ಲಿ, ಭಾನುವಾರ ಕಣ್ಣಿಗೆ ಬೀಳದಿದ್ದ ಮುಖಗಳೆಲ್ಲ ಇದ್ದವು. ಅಂಗನವಾಡಿಯ ಸಹಾಯಕಿಯಾಗಿದ್ದು, ರಜೆಯ ದಿನಗಳಲ್ಲಿ ಹೊಲದ ಕೂಲಿಗೂ ಹೋಗುವ ಫಕೀರಮ್ಮ, ಎರೆದುಕೊಂಡ ತಲೆಗೂದಲನ್ನು ಬೆನ್ನಿಗೆ ಹರವಿ ಆರಿಸಿಕೊಳ್ಳುತ್ತ ಅಂಗನವಾಡಿಯತ್ತ ಹೊರಟಿದ್ದಳು. ಕಟ್ಟೆಯ ಬದಿಯಲ್ಲಿ ರೆಹಮಾನ ಟ್ರ್ಯಾಕ್ಟರಿಗೆ ಮೈ ತೊಳೆಸುತ್ತಿದ್ದ. ಅವನು ಬಿ.ಕಾಂ. ಎರಡನೆಯ ವರ್ಷದವನು, ಊರ ಹಿರಿಯರಾದ ಕರಿಬಸಪ್ಪನವರ ಟ್ರ್ಯಾಕ್ಟರು ನಡೆಸುವವನು. ತೊಳೆದ ಗಾಡಿಯ ಮುಂಭಾಗಕ್ಕೆ ಕರಿಬಸಪ್ಪನವರು ತಮ್ಮ ಕೈಯಿಂದಲೇ ವಿಭೂತಿಯ ಪಟ್ಟೆ ಎಳೆದು, ಚೆಂಡುಹೂವಿನ ಸರ ಇಳಿಬಿಟ್ಟರು.

ಇವರೆಲ್ಲ ಹೀಗೆ ಬಿಡುವಾಗಿ ಇರುವುದೇಕೆಂದು ಸುರೇಖಾ ಕೇಳಿದಾಗ, ಕೇಳಬಾರದ್ದನ್ನು ಕೇಳಿದಂತೆ ಎಲ್ಲರೂ ಆಕೆಯ ಮುಖ ನೋಡಿದರು.

“ಸೋಮವಾರಲ್ರಿ ಅಕ್ಕಾರ,” ಎಂದಳು ಫಕೀರಮ್ಮ. “ಬಸವಣ್ಣನ ವಾರ, ಎತ್ತು ಹೂಡಂಗಿಲ್ಲ. ಹೊಲಕ್ಕ ಯಾರೂ ಹೋಗಂಗಿಲ್ಲ. ನಂದೂ ಅಂಗನವಾಡಿ ಮಧ್ಯಾಹ್ನಕ್ಕ ಮುಗೀತೈತಿ.”

ಮಾತು ಅಲ್ಲಿಗೇ ನಿಲ್ಲಲಿಲ್ಲ. ಮರುದಿನ ಹೊಲಕ್ಕೆ ಬಿಡುವಾದುದರಿಂದ ಭಾನುವಾರವೇ ಕೆಲಸದ ಒತ್ತಡ ಹೆಚ್ಚೆಂದು ಒಬ್ಬರು, ಶಾಲೆಯ ಮಕ್ಕಳೂ ಅಂದು ಕೈಗೆ ಸಿಗುವುದರಿಂದ ಕಳೆ ಕೀಳುವುದು, ಹತ್ತಿ ಬಿಡಿಸುವುದು ಎಲ್ಲವೂ ಅಂದೇ ಎಂದು ಮತ್ತೊಬ್ಬರು ಹೇಳತೊಡಗಿದರು. ಹಾಗಾದರೆ ಇಷ್ಟು ದಿನ ಇದನ್ನು ತನಗೇಕೆ ಹೇಳಲಿಲ್ಲವೆಂದು ಸುರೇಖಾ ಕೇಳಿದಳು. ಫಕೀರಮ್ಮ ತುಸು ಸಂಕೋಚದಿಂದ ಸೆರಗು ಸರಿಮಾಡಿಕೊಂಡಳು.

“ಒಂದೆರಡ ಸಲ ಸೋಮವಾರ ಕೊಪ್ಪಳಕ್ಕ ಬಂದಿದ್ವಿರಿ. ಆಫೀಸಿಗೆ ಕೀಲಿ ಹಾಕಿತ್ತು. ತಳಕಲ್ಲಿನ ಒಕ್ಕಲಿಗರ ಮಗಳು, ನೀವೂ ಸೋಮವಾರ ಹಿಡೀತೀರಿ ಅಂತ ತಿಳದ್ವಿ. ದೇವರ ವಾರ ಹಿಡಿಯೋರಿಗೆ ಬಾಗಲಾ ತಗೀರಿ ಅಂತ ಹೆಂಗ ಅನ್ನೂದ್ರಿ?”

ಕಟ್ಟೆಯ ಮೇಲಿದ್ದವರೆಲ್ಲ ಹೌದೆಂದು ತಲೆದೂಗಿದರು. ಕೊಪ್ಪಳದಲ್ಲಿ ನೌಕರಿ ಮಾಡಿಯೂ ಬಸವಣ್ಣನ ವಾರವನ್ನು ಬಿಡದ ಹೆಣ್ಣುಮಗಳೆಂದು ಊರಿನಲ್ಲಿ ಆಕೆಗೆ ಒಳ್ಳೆಯ ಹೆಸರೇ ನಿಂತುಬಿಟ್ಟಿತ್ತು. ಸುರೇಖಾಳಿಗೆ ನಗುವೂ ನಾಚಿಕೆಯೂ ಒಟ್ಟಿಗೇ ಬಂದವು. ತಂದೆ ಪ್ರತಿ ಸೋಮವಾರ ಎತ್ತುಗಳನ್ನು ಹಳ್ಳಕ್ಕಿಳಿಸಿ ಮೈಯುಜ್ಜಿ, ಕೊಂಬಿಗೆ ಎಣ್ಣೆ ಸವರಿ, ಅವಕ್ಕೆ ಉಣಿಸಿದ ಮೇಲೆಯೇ ತಾನು ಉಣ್ಣುತ್ತಿದ್ದುದು ಕಣ್ಣಮುಂದೆ ಬಂತು. ಅಂಥ ಮನೆಯಲ್ಲಿ ಬೆಳೆದವಳು ಸಂಬಳದ ದಿನಚರಿಗೆ ಒಗ್ಗಿ ಭಾನುವಾರವೇ ಲೋಕಕ್ಕೆಲ್ಲ ಬಿಡುವೆಂದು ನಂಬಿದ್ದಳು. ಕಲಿಯುವವರಿಗೆ ಕಾಲ ಕೂಡಿಬರುವ ದಿನವನ್ನೇ ಹುಡುಕಿ ಬಾಗಿಲಿಗೆ ಬೀಗ ಜಡಿದಿದ್ದಳು!

“ನಾ ಸೋಮವಾರ ಹಿಡಿಯೂದಿಲ್ಲ ಫಕೀರವ್ವ,” ಎಂದಳು ಸುರೇಖಾ. “ಮನ್ಯಾಗ ಕುಂತು ಅರಿವಿ ಒಗೀತೀನಿ.”

ಕಟ್ಟೆ ನಗೆಯಿಂದ ತುಂಬಿತು. ಆ ನಗೆ ಅಡಗುವ ಮುನ್ನವೇ ಆಕೆಯ ಮನಸ್ಸಿನಲ್ಲಿ ನಿರ್ಧಾರ ಮೂಡಿತ್ತು. ಉಪಕೇಂದ್ರ ಮುಚ್ಚುವ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ಪಾಠವನ್ನು ಸೋಮವಾರಕ್ಕೆ ತಂದರೆ ಬರುವಿರಾ ಎಂದು ಕೇಳಿದಳು. ಎಲ್ಲರ ದೃಷ್ಟಿ ಕರಿಬಸಪ್ಪನವರತ್ತ ಹೊರಳಿತು. ದುಡಿಮೆ ನಿಲ್ಲಿಸಬೇಕಾದ ದಿನ ಪುಸ್ತಕ ಹಿಡಿಯಬಹುದೇ ಎಂಬುದನ್ನು ಹಿರಿಯರೇ ಹೇಳಬೇಕಿತ್ತು. ಅವರು ಗುಡಿಯೊಳಗಿನ ಕಲ್ಲಿನ ಬಸವಣ್ಣನನ್ನು ಒಮ್ಮೆ ನೋಡಿದರು.

“ಎತ್ತಿನ ಹೆಗಲಿಗೆ ನೊಗ ಇಡಬಾರ್ದು ಅಂತ ಹಿರ್ಯಾರು ಹೇಳ್ಯಾರ. ಮನಶಾನ ತಲಿಯಾಗ ನಾಕ ಅಕ್ಷರ ಇಡಬಾರ್ದು ಅಂತ ಯಾರೂ ಹೇಳಿಲ್ಲ,” ಎಂದು ಅವರು ರೆಹಮಾನನ ಕಡೆಗೆ ತಿರುಗಿದರು. “ಏನಪಾ ರೆಹಮಾನ, ನೀನೂ ಹೋಗು. ಗಾಡಿಗೆ ಸೋಮವಾರ ಐತಿ, ನಿನಗ ಇಲ್ಲ.”

ದಿನ ಸಿಕ್ಕಿತು, ಜಾಗ ಸಿಗಬೇಕಿತ್ತು. ಸೋಮವಾರ ಪ್ರೌಢಶಾಲೆಯ ಕೋಣೆಗಳಲ್ಲಿ ಮಕ್ಕಳಿರುತ್ತಾರೆ. ಆ ತೊಡಕನ್ನೂ ಕರಿಬಸಪ್ಪನವರೇ ಬಿಡಿಸಿದರು. ಗುಡಿಯ ಹಿಂದೆ ದಾಸೋಹದ ಪಡಸಾಲೆ ಇತ್ತು. ಅನ್ನ ನೀಡುವ ಜಾಗದಲ್ಲಿ ಅಕ್ಷರ ನೀಡಿದರೆ ಬಸವಣ್ಣನಿಗೆ ಬೇಸರವಾಗದೆಂದು ಅವರು ಬೀಗದ ಕೈಯನ್ನು ಸುರೇಖಾಳ ಅಂಗೈಯಲ್ಲಿಟ್ಟರು. ಪಾಠ ಹೇಳುವವರ ವಿಚಾರ ಉಳಿಯಿತು. ಕಾಲೇಜಿನ ಉಪನ್ಯಾಸಕರಿಗೆ ಸೋಮವಾರ ಬಿಡುವಿಲ್ಲ. ಆಕೆ ಕುಷ್ಟಗಿಗೆ ಹೋಗಿ, ನಿವೃತ್ತರಾಗಿ ಮನೆಯಲ್ಲಿದ್ದ ಓಬಳೆಪ್ಪ ಮಾಸ್ತರರನ್ನು ಕಂಡಳು. ಕಾಲೇಜಿನಲ್ಲಿ ಇತಿಹಾಸ ಬೋಧಿಸಿ ಹೆಸರಾದವರು ಅವರು. ಕಂಚಿನ ಕಂಠ, ಸಿಡುಕಿನ ಮೂಗು. ಆಕೆ ಸೋಮವಾರವೆಂದು ಅಳುಕುತ್ತ ಹೇಳಿದಾಗ ಅವರು ಒಳಗೆ ತಿರುಗಿ, ತಮ್ಮ ಹೆಂಡತಿಗೆ ಕೇಳುವಂತೆ ನುಡಿದರು:

“ನಿವೃತ್ತಿ ಆದವನಿಗೆ ಯಾವ ವಾರ ಆದ್ರೇನವಾ ತಂಗಿ. ದಿನಾ ಮನ್ಯಾಗ ಕುಂತು ಬೈಸ್ಕೊಳ್ಳೂದಕಿಂತ ಬಸ್ಸಿನ್ಯಾಗ ನಿಂತು ಬರೂದು ಛಲೋ.”

ಉಳಿದ ವಿಷಯಗಳಿಗೂ ಅವರೇ ತಮ್ಮ ಶಿಷ್ಯರಲ್ಲಿ ಬಿಡುವಿದ್ದವರನ್ನು ಹುಡುಕಿ ಕೊಟ್ಟರು. ಕಡೆಯದಾಗಿ ಪ್ರಭುರಾಜರ ಅನುಮತಿ ಬೇಕಿತ್ತು. ಸಂಪರ್ಕ ತರಗತಿ ಭಾನುವಾರ ನಡೆಯಬೇಕೆಂಬುದು ರೂಢಿ, ಅದನ್ನು ಒಂದು ಹಳ್ಳಿಗಾಗಿ ಮುರಿಯುವುದು ಹೇಗೆಂದು ಅವರು ಹಿಂಜರಿದರು. ಸುರೇಖಾ ದನಿ ಏರಿಸದೆ ಅವರ ಮನೆಯ ಅಡತಿ ಅಂಗಡಿಯ ಮಾತೆತ್ತಿದಳು. ಭತ್ತದ ವ್ಯಾಪಾರದ ಆ ಅಂಗಡಿ ಅವರ ತಂದೆಯ ಕಾಲದಲ್ಲಿ ಭಾನುವಾರ ಮುಚ್ಚುತ್ತಿತ್ತೇ ಎಂದು ಕೇಳಿದಳು. ಪ್ರಭುರಾಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಮಾಸಿಗೆ ಮುಚ್ಚುತ್ತಿತ್ತೆಂದು ಹೇಳುವಾಗ ಅವರ ತುಟಿಯ ಮೇಲೆ ಬಾಲ್ಯದ ನೆನಪಿನ ನಗೆಯೊಂದು ಸುಳಿಯಿತು.

ಅನುಮತಿ ದೊರೆಯಿತು, ಆದರೆ ಒಂದು ನಿಬಂಧನೆಯ ಮೇಲೆ. ಮುಂಗಾರಿನ ಹೊತ್ತಿಗೆ ಒಂದು ಸೋಮವಾರ ತಾವೇ ಬಂದು ನೋಡುವುದಾಗಿಯೂ, ಅಂದು ಪಡಸಾಲೆ ತುಂಬದಿದ್ದರೆ ಮತ್ತೆ ಮಾತಿಲ್ಲವೆಂದೂ ಅವರು ಸ್ಪಷ್ಟಪಡಿಸಿದರು.

ಮೊದಲ ಸೋಮವಾರ ಆಕೆಯ ಧೈರ್ಯ ಉಡುಗುವಂತಾಯಿತು. ಮುಂಜಾನೆ ಕಚೇರಿಯ ಹೊತ್ತಿಗೆ ಸರಿಯಾಗಿ ಆಕೆ ಕಸ ಗುಡಿಸಿ, ಜಮಖಾನೆ ಹಾಸಿ, ಕರಿಹಲಗೆ ಗೋಡೆಗೆ ಆನಿಸಿ ಕಾದಳು. ಒಬ್ಬರೂ ಬರಲಿಲ್ಲ. ಓಬಳೆಪ್ಪ ಮಾಸ್ತರರು ಸುಣ್ಣದ ಕಡ್ಡಿಯನ್ನು ಬೆರಳುಗಳ ನಡುವೆ ಹೊರಳಿಸುತ್ತ, ಗುಬ್ಬಿಗಳಿಗಾದರೂ ಪಾಠ ಆರಂಭಿಸಲೇ ಎಂದು ಚುಚ್ಚಿದರು. ಅಷ್ಟರಲ್ಲಿ ಪೂಜೆಯ ತಟ್ಟೆ ಹಿಡಿದು ಬಂದ ಕರಿಬಸಪ್ಪನವರು ಇಬ್ಬರನ್ನೂ ಕಂಡು ಬೆರಗಾದರು. ಎತ್ತಿನ ಮೈ ತೊಳೆದು, ಗುಡಿಗೆ ಕಾಯಿ ಒಡೆಸಿ, ಮನೆಮಂದಿ ಉಂಡು ಏಳುವವರೆಗೆ ಯಾರು ಬರುತ್ತಾರೆ ಎಂದು ಅವರು ಗದರಿದಾಗ ಸುರೇಖಾ ತನ್ನನ್ನೇ ಹಳಿದುಕೊಂಡಳು. ದಿನವನ್ನು ಅರಿತಿದ್ದಳು, ಹೊತ್ತನ್ನು ಅರಿತಿರಲಿಲ್ಲ. ನೆತ್ತಿಯ ಬಿಸಿಲು ಪಡುವಣಕ್ಕೆ ವಾಲುತ್ತಿದ್ದಂತೆ, ಹಣೆಯ ವಿಭೂತಿ ಇನ್ನೂ ಮಾಸದ ಗಂಡಸರು, ಹೊಸದಾಗಿ ಹೂ ಮುಡಿದ ಹೆಂಗಸರು, ಕೂಸುಗಳನ್ನು ಬಗಲಲ್ಲೆತ್ತಿದ ತಾಯಂದಿರು ಒಬ್ಬೊಬ್ಬರಾಗಿ ಬಂದರು. ಪಡಸಾಲೆಯ ಮೂಲೆಯ ಕಂಬಗಳ ನಡುವೆ ಸುರೇಖಾ ತಾನೇ ಒಂದು ಸೀರೆಯ ಜೋಲಿ ಕಟ್ಟಿದಳು. ಅಂದಿನಿಂದ ಪಾಠ ಮಧ್ಯಾಹ್ನಕ್ಕೆ ನಿಗದಿಯಾಯಿತು.

ಪ್ರಭುರಾಜರು ಬರಬೇಕಿದ್ದ ವಾರ, ಶನಿವಾರ ಸಂಜೆ ಸೀಮೆಗೆಲ್ಲ ಹದವಾದ ಮಳೆಯಾಯಿತು. ಹೆಸರುಕಾಳು ಬಿತ್ತಲು ರೈತರು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ ಮಳೆ. ಎಲ್ಲರೂ ಕೈಮುಗಿದ ಆ ಮಳೆಯನ್ನು ಕಂಡು ಸುರೇಖಾಳೊಬ್ಬಳೇ ಕಳವಳಗೊಂಡಳು. ನೆಲ ಹದಕ್ಕೆ ಬಂದಾಗ ಬಿತ್ತಿಗೆಯನ್ನು ಬಿಟ್ಟು ಪಾಠಕ್ಕೆ ಬನ್ನಿರೆಂದು ಕೇಳುವ ಬಾಯಿ ಆಕೆಗಿರಲಿಲ್ಲ. ಕೇಳುವುದು ಧರ್ಮವೂ ಅಲ್ಲವೆಂದು ಆಕೆ ಯಾರಿಗೂ ಫೋನು ಮಾಡಲಿಲ್ಲ. ಭಾನುವಾರವಿಡೀ ಸೀಮೆಯ ಹೊಲಗಳಲ್ಲಿ ಬೀಜ ಬಿತ್ತುವ ಕೂರಿಗೆಗಳು ಸಾಗಿದವು. ಸೋಮವಾರ ಮಧ್ಯಾಹ್ನ ಪ್ರಭುರಾಜರ ಜೀಪಿನಲ್ಲಿಯೇ ಆಕೆ ಕೊಪ್ಪಳದಿಂದ ಹೊರಟಳು. ದಾರಿಯಲ್ಲಿ ಅರ್ಧ ಬಿತ್ತಿದ ಹೊಲಗಳನ್ನು ತೋರಿಸಿ ಅವರು, ಇಂಥ ಹದದಲ್ಲಿ ಯಾರಾದರೂ ಬಂದಾರೆಯೇ, ಬೇಕಾದರೆ ಇನ್ನೊಂದು ವಾರ ಬರುತ್ತೇನೆಂದು ಕನಿಕರದಿಂದಲೇ ಹೇಳಿದರು. ಆಕೆ ಕಿಟಕಿಯಾಚೆ ನೋಡಿದಳು.

ಆಗ ಆಕೆ ಕಂಡದ್ದು ಹೀಗಿತ್ತು. ಕರಿಯ ನೆಲ ಹದದಲ್ಲಿ ಮಿರುಗುತ್ತಿತ್ತು, ಸಾಲುಗಳು ನಡುಹೊಲದಲ್ಲಿ ನಿಂತಿದ್ದವು, ಆದರೆ ಒಂದು ಹೊಲದಲ್ಲಿಯೂ ಕೂರಿಗೆ ಇರಲಿಲ್ಲ. ಬದುವಿನ ಮೇಲೆ ಎತ್ತುಗಳು ಬರಿಹೆಗಲಿನಲ್ಲಿ ಮೇಯುತ್ತಿದ್ದವು. ಹದ ಆರುವ ಭಯವಿದ್ದರೂ, ಬಿತ್ತಿಗೆ ಅರ್ಧಕ್ಕೆ ನಿಂತಿದ್ದರೂ, ಸೀಮೆ ಸೋಮವಾರವನ್ನು ಬಿಟ್ಟಿರಲಿಲ್ಲ. ಆಕೆಯ ಕಣ್ಣುಗಳು ತುಂಬಿ ಬಂದವು. ತನ್ನ ತಂದೆಯ ವ್ರತವನ್ನು ಈ ಜನ ತನ್ನ ಪಾಲಿಗೂ ಪಾಲಿಸಿದ್ದಾರೆನ್ನಿಸಿತು.

ಪಡಸಾಲೆಯ ಮುಂದೆ ಪ್ರಭುರಾಜರು ಬೂಟು ಕಳಚಲು ನಿಂತಲ್ಲೇ ನಿಂತರು; ಇಡಲು ಜಾಗವಿರಲಿಲ್ಲ. ಮೆಟ್ಟಿಲ ತುಂಬ ಎರೆಮಣ್ಣು ಮೆತ್ತಿದ ಚಪ್ಪಲಿಗಳು, ಹವಾಯಿಗಳು, ಟೈರಿನ ಮೆಟ್ಟುಗಳು ಒಂದರ ಮೇಲೊಂದು ಬಿದ್ದಿದ್ದವು. ಒಳಗೆ ಓಬಳೆಪ್ಪ ಮಾಸ್ತರರ ಕಂಚಿನ ಕಂಠ ಮೊಳಗುತ್ತಿತ್ತು. ರೆಹಮಾನ ಬಾಗಿಲ ಬಳಿ ಕುಳಿತಿದ್ದ. ಮೂಲೆಯ ಜೋಲಿಯ ಹಗ್ಗವನ್ನು ಕಾಲ್ಬೆರಳಿಗೆ ಸಿಕ್ಕಿಸಿ ತೂಗುತ್ತಿದ್ದವಳು ಫಕೀರಮ್ಮ; ಕೂಸು ನೆರೆಯವಳದು, ತೊಡೆಯ ಮೇಲಿನ ಪುಸ್ತಕ ತನ್ನದು. ಮಾಸ್ತರರು ಕೇಳಿದ ಪ್ರಶ್ನೆಗೆ ಅವಳು ತೂಗುವುದನ್ನು ನಿಲ್ಲಿಸದೆಯೇ ಕುಳಿತಲ್ಲಿಂದಲೇ ಉತ್ತರ ಹೇಳಿದಳು. ಕಡೆಯಲ್ಲಿ ತಡವರಿಸಿದಾಗ ಪಕ್ಕದವರು ಪಿಸುಗುಟ್ಟಿ ನೆರವಾದರು, ಮಾಸ್ತರರು ಗದರಿದರು, ಎಲ್ಲರೂ ನಕ್ಕರು.

ಪ್ರಭುರಾಜರು ಬೂಟನ್ನು ಕೈಯಲ್ಲಿ ಹಿಡಿದೇ ಒಳಹೊಕ್ಕು, ಕಡೆಯ ಸಾಲಿನಲ್ಲಿ ಗೋಡೆಗೊರಗಿ ಕುಳಿತು, ಪಾಠ ಮುಗಿಯುವವರೆಗೆ ಏಳಲಿಲ್ಲ. ಎದ್ದ ಮೇಲೆ ಅವರು ಉಪಕೇಂದ್ರದ ಅಳಿವು ಉಳಿವಿನ ಮಾತನ್ನೇ ಆಡಲಿಲ್ಲ.

“ಕುಷ್ಟಗಿ, ಯಲಬುರ್ಗಾ ಕಡೆ ಉಳಿದ ಹಳ್ಳ್ಯಾಗೂ ಸೋಮವಾರ ಹಿಂಗ ಏನ್ರಿ ಮೇಡಂ?” ಎಂದು ಕೇಳಿದರು.

“ಎಲ್ಲಾ ಕಡೆ ಹಿಂಗ ಸರ.”

“ಹಂಗಾದ್ರ ಬರೂ ವರ್ಷ ಅಲ್ಲೂ ಸೋಮವಾರನ ಇಡೂಣು.”

ಆ ಮಾತು ಕಿವಿಗೆ ಬಿದ್ದಾಗ ಆಕೆಗೆ ನೆನಪಾದದ್ದು ಬಹುದೂರದ ನಗರದ ಅಂಗಳ, ಬೇವಿನ ಕೊಂಬೆ, ಬಿಸಿಲಿನಲ್ಲಿ ನಿಂತು ತೂಗುತ್ತಿದ್ದ ಅನ್ನಮ್ಮ. ಈಗ ಜೋಲಿಯೂ ಪಾಠವೂ ಒಂದೇ ಸೂರಿನಡಿ ಇದ್ದವು. ಫಕೀರಮ್ಮ ಕೂಸನ್ನು ಅದರ ತಾಯಿಗೆ ಒಪ್ಪಿಸಿ, ಪುಸ್ತಕ ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. ನಾಳೆ ಹೊತ್ತು ಮೂಡುವ ಮೊದಲೇ ಬಿತ್ತಿಗೆಗೆ ಹೋಗಿ, ಆಮೇಲೆ ಅಂಗನವಾಡಿ ಸೇರಬೇಕೆಂದು ಹೇಳಿ ಹೊರಟಳು.

ಸುರೇಖಾ ಪಡಸಾಲೆಗೆ ಬೀಗ ಹಾಕಿ, ಬೀಗದ ಕೈಯನ್ನು ಎಂದಿನಂತೆ ಕರಿಬಸಪ್ಪನವರಿಗೆ ಹಿಂದಿರುಗಿಸಲು ಗುಡಿಗೆ ಹೋದಳು. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಬಸವಣ್ಣನ ಮುಂದಿನ ಒಂದು ಹೂವನ್ನು ಆಕೆಯ ಕೈಗಿತ್ತು, ನಿಧಾನವಾಗಿ ನುಡಿದರು:

“ಕೀಲಿಕೈ ನಿನ್ನ ಕಡೇನ ಇರ್ಲಿ, ಯವ್ವಾ. ಇವತ್ತ ನೋಡು ನೀ ಖರೇ ಸೋಮವಾರ ಹಿಡದಿ.”

ಆಕೆ ಹೂವನ್ನು ಮುಡಿಗೇರಿಸಿಕೊಂಡು, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟುಕಟ್ಟಿಕೊಂಡು ಜೀಪಿನತ್ತ ನಡೆದಳು. ಅರಿವೆ ಒಗೆಯುವುದು ಇನ್ನು ಭಾನುವಾರ ರಜೆಯಿರುವವರ ಪಾಲಿಗೆ ಹೋಯಿತೆಂದು ಬಸವಕುಮಾರನಿಗೆ ಫೋನಿನಲ್ಲಿ ಹೇಳಿದಾಗ, ಮಾತು ಕಡಿಮೆಯ ಆ ಮನುಷ್ಯ ಬಹಳ ಹೊತ್ತು ನಕ್ಕನು.